ಆಧುನಿಕ ಕಲೆಯ ಮೇಲೆ ಆಫ್ರಿಕಾ ಮತ್ತು ಓಷಿಯಾನಿಯ ಕಲೆಗಳ ಪ್ರಭಾವ: ಹೊಯ್ಸಳ ನಾಡಿನ ಕಡೆಯಿಂದ

ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ಮುಖವಾಡಗಳು, ಮರದ ಮೂರ್ತಿಗಳು ಮತ್ತು ಲೋಹದ ಎರಕಗಳು, ಪೆಸಿಫಿಕ್ ಸಾಗರದ ದ್ವೀಪಗಳ, ಅಂದರೆ ಓಷಿಯಾನಿಯದ ಕೆತ್ತನೆಗಳು — ಇವೆರಡೂ ಸೇರಿ ಇಪ್ಪತ್ತನೆಯ ಶತಮಾನದ ಮೊದಲ ನಲವತ್ತು ವರ್ಷಗಳಲ್ಲಿ ಯುರೋಪಿನ ಚಿತ್ರ ಮತ್ತು ಶಿಲ್ಪದ ದಿಕ್ಕನ್ನು ಬದಲಿಸಿದವು. ಕಲಾಚರಿತ್ರೆಯಲ್ಲಿ ಇದಕ್ಕೆ ‘ಪ್ರಿಮಿಟಿವಿಸಂ’ ಎಂಬ ಹೆಸರಿದೆ. ಕನ್ನಡದಲ್ಲಿ ಆದಿಮತೆ, ಆದಿಮವಾದ ಎಂದು ಬರೆಯುವುದುಂಟು. ‘ಆದಿಮ’ ಎಂದೊಡನೆ ಆ ವಸ್ತುಗಳು ತೀರಾ ಹಳೆಯವು ಎಂದು ಓದುಗರು ಭಾವಿಸುತ್ತಾರೆ. ವಾಸ್ತವದಲ್ಲಿ ಪಿಕಾಸೊ ನೋಡಿದ ಮುಖವಾಡಗಳಲ್ಲಿ ಹೆಚ್ಚಿನವು ಅವನ ತಾತನ ಕಾಲಕ್ಕಿಂತ ಹಿಂದಿನವಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ (1117) ಅವಕ್ಕಿಂತ ಸುಮಾರು ಏಳುನೂರು ವರ್ಷ ಹಿರಿಯದು. ಹೀಗಿದ್ದೂ ಹೊಸ ಕಲೆಗೆ ಬೀಜವಾದದ್ದು ಆ ಮುಖವಾಡಗಳೇ ಹೊರತು ಹೊಯ್ಸಳ ಶಿಲ್ಪವಲ್ಲ. ಏಕೆ ಎಂದು ಕೇಳಿಕೊಂಡರೆ ಈ ಪ್ರಭಾವದ ಸ್ವರೂಪವೂ ಅದರ ಮಿತಿಯೂ ಒಟ್ಟಿಗೆ ತಿಳಿಯುತ್ತವೆ.

ವಸ್ತುಗಳು ಯುರೋಪಿಗೆ ಬಂದದ್ದು ವಸಾಹತು ಆಡಳಿತದ ಹಡಗುಗಳಲ್ಲಿ. ವ್ಯಾಪಾರಿಗಳು, ಪಾದ್ರಿಗಳು, ಸೈನಿಕರು ತಂದವು ಜನಾಂಗ ಅಧ್ಯಯನದ ಸಂಗ್ರಹಾಲಯ ಸೇರಿದವು; ಉಳಿದವು ಹಳೆಯ ಸಾಮಾನಿನ ಅಂಗಡಿಗೆ ಬಿದ್ದವು. 1897ರಲ್ಲಿ ಬ್ರಿಟಿಷ್ ಪಡೆ ಇಂದಿನ ನೈಜೀರಿಯದ ಬೆನಿನ್ ನಗರವನ್ನು ಸುಟ್ಟು, ಅರಮನೆಯ ಹಿತ್ತಾಳೆ ಫಲಕಗಳನ್ನೂ ದಂತದ ಕೆತ್ತನೆಗಳನ್ನೂ ಸಾವಿರಗಟ್ಟಲೆ ಹೊತ್ತೊಯ್ದಿತು. ಲಂಡನ್, ಬರ್ಲಿನ್ ಸಂಗ್ರಹಾಲಯಗಳು ಅವುಗಳಿಂದ ತುಂಬಿದವು. ಅಂದಿಗೆ ಈ ವಸ್ತುಗಳನ್ನು ಹೆಚ್ಚಿನವರು ಕಲೆ ಎಂದು ಕರೆಯುತ್ತಿರಲಿಲ್ಲ. ಈಟಿ, ಬುಟ್ಟಿ, ದೋಣಿಯ ಹುಟ್ಟಿನ ಪಕ್ಕದಲ್ಲೇ ಅವೂ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತಿದ್ದವು.

ಕಲಾವಿದರ ಕಣ್ಣಿಗೆ ಅವು ಬಿದ್ದದ್ದು 1906ರ ಸುಮಾರಿಗೆ. ಆ ವರ್ಷ ಆಂದ್ರೆ ದೆರೇನ್ ತನ್ನ ಗೆಳೆಯ ವ್ಲಾಮಿಂಕ್‌ನಿಂದ ಗ್ಯಾಬನ್ ಪ್ರದೇಶದ ಫ್ಯಾಂಗ್ ಜನರ ಮುಖವಾಡವೊಂದನ್ನು ಕೊಂಡ. ಬಿಳಿ ಜೇಡಿ ಬಳಿದ ನೀಳ ಮುಖ, ಸೀಳಿನಂಥ ಕಣ್ಣು. ಈಗ ಅದು ಪ್ಯಾರಿಸ್ಸಿನ ಪೊಂಪಿದೂ ಕೇಂದ್ರದ ಸಂಗ್ರಹದಲ್ಲಿದೆ. ಅದೇ ವರ್ಷ ಮಾತಿಸ್ ಪ್ಯಾರಿಸ್ಸಿನ ಅಂಗಡಿಯೊಂದರಲ್ಲಿ ಕಾಂಗೊ ಕಡೆಯ ಪುಟ್ಟ ಮೂರ್ತಿಯೊಂದನ್ನು ಕೊಂಡು, ಲೇಖಕಿ ಗರ್ಟ್ರೂಡ್ ಸ್ಟೈನ್ ಮನೆಯಲ್ಲಿ ಪಿಕಾಸೊಗೆ ತೋರಿಸಿದ. 1907ರಲ್ಲಿ ಪಿಕಾಸೊ ತ್ರೊಕಾದೆರೊ ಜನಾಂಗ ಸಂಗ್ರಹಾಲಯಕ್ಕೆ ಹೋದ. ಅದೇ ವರ್ಷ ಬರೆದ ‘ಅವಿನ್ಯೊಂ ತರುಣಿಯರು’ ಚಿತ್ರದಲ್ಲಿ ಐವರು ಹೆಂಗಸರಿದ್ದಾರೆ. ಬಲಗಡೆಯ ಇಬ್ಬರ ಮುಖಗಳು ಮುಖವಾಡಗಳಂತೆ ಒರಟಾಗಿವೆ. ಕುಳಿತವಳ ಬೆನ್ನು ನಮ್ಮ ಕಡೆಗಿದ್ದರೂ ಮುಖ ನಮ್ಮನ್ನೇ ನೋಡುತ್ತಿದೆ. ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಇದು ಅಷ್ಟೇನೂ ಬೆರಗು ಹುಟ್ಟಿಸದು: ಒಂದೇ ತೊಗಲಿನಲ್ಲಿ ಮುಖ ಪಕ್ಕದಿಂದ, ಎದೆ ಎದುರಿನಿಂದ ಕಾಣಿಸುವುದು ಅದನ್ನು ಆಡಿಸುವ ಗೊಂಬೆರಾಮರಿಗೆ ಹಳೆಯ ವಿದ್ಯೆ. ಯುರೋಪಿಗೆ ಮಾತ್ರ ಇದು ನಾನೂರು ವರ್ಷಗಳ ದೃಷ್ಟಿನಿಯಮವನ್ನು ಮುರಿದ ಕೆಲಸವಾಗಿತ್ತು. ಪಿಕಾಸೊ ಮುಂದೆ ಈ ಋಣವನ್ನು ಒಮ್ಮೆ ಒಪ್ಪಿದ, ಒಮ್ಮೆ ನೀಗ್ರೊ ಕಲೆಯೇ ತನಗೆ ಗೊತ್ತಿಲ್ಲವೆಂದ.

ಪ್ರಭಾವ ಎಂದರೆ ನಕಲು ಎಂದುಕೊಂಡರೆ ಮುಖ್ಯವಾದದ್ದು ಕೈತಪ್ಪುತ್ತದೆ. ಪಿಕಾಸೊನ ಬಳಿ ಪಶ್ಚಿಮ ಆಫ್ರಿಕಾ ಕರಾವಳಿಯ ಗ್ರೇಬೊ ಜನರ ಮುಖವಾಡವಿತ್ತು. ಅದರಲ್ಲಿ ಮುಖವೆಂದರೆ ಒಂದು ಚಪ್ಪಟೆ ಹಲಗೆ. ನಿಜವಾದ ಮುಖದಲ್ಲಿ ಕಣ್ಣು ಗುಳಿಯೊಳಗೆ ಇರುತ್ತದೆ. ಇಲ್ಲಿ ಅದು ಬಿದಿರಿನ ಕೊಳವೆಯ ಹಾಗೆ ಮುಂದಕ್ಕೆ ಚಾಚಿಕೊಂಡಿದೆ. ಒಳಗಿರಬೇಕಾದದ್ದು ಹೊರಗೆ ಬಂದಿದೆ, ಆದರೂ ನೋಡಿದವರು ಅದನ್ನು ಕಣ್ಣೆಂದೇ ಗುರುತಿಸುತ್ತಾರೆ. 1912ರಲ್ಲಿ ರಟ್ಟಿನಿಂದ, ಆಮೇಲೆ ತಗಡಿನಿಂದ ಗಿಟಾರೊಂದನ್ನು ಮಾಡುವಾಗ ಪಿಕಾಸೊ ಇದನ್ನೇ ಬಳಸಿದ: ಗಿಟಾರಿನ ನಡುವಿನ ತೂತು ಕೊಳವೆಯಾಗಿ ಮುಂದಕ್ಕೆ ಬಂತು. ಅವನ ಚಿತ್ರಗಳನ್ನು ಮಾರುತ್ತಿದ್ದ ಕಾನ್‌ವೈಲರ್ ಈ ಸಂಬಂಧವನ್ನು ಮೊದಲಿಗೆ ಬಿಡಿಸಿ ಹೇಳಿದವನು. ಕಂಡದ್ದನ್ನು ಕಂಡಂತೆ ತೋರಿಸಬೇಕಿಲ್ಲ, ಗುರುತು ಹತ್ತಿದರೆ ಸಾಕು ಎಂಬ ಈ ತಿಳಿವಳಿಕೆಯೇ ಕ್ಯೂಬಿಸಂಗೆ ಆಫ್ರಿಕಾ ಕೊಟ್ಟ ದೊಡ್ಡ ಕಾಣಿಕೆ. ಮುಖವಾಡದ ಆಕಾರ ಅದರ ಮೇಲಿನ ಸಿಪ್ಪೆ ಮಾತ್ರ.

ಜರ್ಮನಿಯಲ್ಲಿ 1905ರಲ್ಲಿ ಹುಟ್ಟಿದ ಡ್ರೆಸ್ಡನ್ ನಗರದ ‘ಬ್ರೂಕೆ’ (ಸೇತುವೆ) ಗುಂಪು ಅಲ್ಲಿನ ಸಂಗ್ರಹಾಲಯದಲ್ಲಿದ್ದ ಪೆಸಿಫಿಕ್ ಕೆತ್ತನೆಗಳಿಂದ ಕಲಿತಿತು. ನೋಲ್ಡೆ 1913-14ರಲ್ಲಿ ನ್ಯೂಗಿನಿಗೂ, ಪೆಖ್‌ಸ್ಟೈನ್ 1914ರಲ್ಲಿ ಪಲಾವ್ ದ್ವೀಪಗಳಿಗೂ ಹೋದರು. ಎರಡೂ ಆಗ ಜರ್ಮನ್ ವಸಾಹತುಗಳೇ. 1915ರಲ್ಲಿ ಕಾರ್ಲ್ ಐನ್‌ಸ್ಟೈನ್ ಆಫ್ರಿಕಾ ಶಿಲ್ಪದ ಮೇಲೆ ಪುಸ್ತಕ ಬರೆದು, ಅದನ್ನು ಜನಾಂಗದ ಕುರುಹಾಗಿ ಅಲ್ಲದೆ ಶಿಲ್ಪವಾಗಿಯೇ ನೋಡಬೇಕೆಂದು ವಾದಿಸಿದ. ಸರ್ರಿಯಲಿಸ್ಟರಿಗೆ ಆಫ್ರಿಕಾಗಿಂತ ಓಷಿಯಾನಿಯ ಹೆಚ್ಚು ಇಷ್ಟ. 1929ರಲ್ಲಿ ಅವರು ಅಚ್ಚು ಹಾಕಿಸಿದ ಜಗತ್ತಿನ ನಕ್ಷೆಯಲ್ಲಿ ಪೆಸಿಫಿಕ್ ದ್ವೀಪಗಳು ಬೆಟ್ಟದಷ್ಟಾಗಿ ಉಬ್ಬಿವೆ. ಅವರು ಹುಡುಕಿ ಕೊಳ್ಳುತ್ತಿದ್ದ ನ್ಯೂ ಐರ್ಲೆಂಡಿನ ‘ಮಲಂಗನ್’ ಕೆತ್ತನೆಗಳ ಕತೆ ನಮಗೆ ಅರ್ಥವಾಗುವಂಥದು. ಸತ್ತವರ ಕಾರ್ಯಕ್ಕೆಂದು ತಿಂಗಳುಗಟ್ಟಲೆ ಕೆತ್ತಿ ಬಣ್ಣ ಹಾಕಿ, ಕಾರ್ಯ ಮುಗಿದ ಮೇಲೆ ಅಲ್ಲಿಯೇ ಕೊಳೆಯಲು ಬಿಡುತ್ತಾರೆ, ಇಲ್ಲವೆ ಸುಡುತ್ತಾರೆ. ಗೌರಿ-ಗಣೇಶನನ್ನು ಕೆರೆಗೆ ಬಿಡುವ ಊರಿನವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಉಳಿಸಿಕೊಳ್ಳುವ ಹಟ ಸಂಗ್ರಹಾಲಯದ್ದು.

ಶಿಲ್ಪಿಗಳು ತೆಗೆದುಕೊಂಡ ಪಾಠ ಬೇರೆ. ಬ್ರಾಂಕುಸಿ, ಮೊಡಿಲಿಯಾನಿ, ಎಪ್‌ಸ್ಟೈನ್, ಮುಂದೆ ಹೆನ್ರಿ ಮೂರ್ — ಇವರು ಮಣ್ಣಿನಲ್ಲಿ ಮಾದರಿ ಮಾಡಿ ಕೆಲಸಗಾರರಿಂದ ಕಲ್ಲಿಗೆ ಇಳಿಸುವ ಪದ್ಧತಿಯನ್ನು ಬಿಟ್ಟು, ತಾವೇ ಉಳಿ ಹಿಡಿದು ಕೆತ್ತತೊಡಗಿದರು. ಕಲ್ಲು ಕಲ್ಲಿನ ಹಾಗೆ, ಮರ ಮರದ ಹಾಗೆ ಕಾಣಬೇಕು, ದಿಮ್ಮಿಯ ತೂಕ ಉಳಿಯಬೇಕು ಎಂಬುದು ಅವರ ನಿಯಮವಾಯಿತು. ಆಫ್ರಿಕಾದ ಮೂರ್ತಿಗಳಲ್ಲಿ ಮರದ ಬೊಡ್ಡೆಯ ಗುಂಡು ಆಕಾರ ಹಾಗೇ ಉಳಿದಿರುತ್ತದೆ ಎಂಬುದೇ ಅವರಿಗೆ ಆಧಾರ.

ಈ ನಿಯಮ ಹಿಡಿದು ಬೇಲೂರಿಗೆ ಬಂದವನು ಕಂಗಾಲಾಗುತ್ತಾನೆ. ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ನಿಂತ ಮದನಿಕೆಯನ್ನು ಕತ್ತೆತ್ತಿ ನೋಡಿ. ಅವಳ ತಲೆಯ ಮೇಲೆ ಬಳ್ಳಿಯ ಚಪ್ಪರ. ಎಲೆಗೂ ಎಲೆಗೂ ನಡುವೆ ಉಳಿ ತೂರಿ ಹಿಂದಿನ ಕಲ್ಲನ್ನೆಲ್ಲ ತೆಗೆದಿರುವುದರಿಂದ ಬಳ್ಳಿ ಗಾಳಿಯಲ್ಲಿ ನಿಂತ ಹಾಗಿದೆ. ಒಂದು ಚಪ್ಪರದಲ್ಲಿ ಹಲಸಿನ ಹಣ್ಣು, ಅದರ ಮೇಲೊಂದು ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ; ಗೈಡುಗಳು ಕೋಲು ಚಾಚಿ ತೋರಿಸುವುದು ಇದನ್ನೇ. ಕಲ್ಲು ಇಲ್ಲಿ ಕಲ್ಲಾಗಿ ಇರಲು ಒಪ್ಪುತ್ತಿಲ್ಲ. ದಂತ, ಗಂಧದ ಮರ, ಚಿನ್ನದ ಒಡವೆ, ಎಲ್ಲವೂ ಆಗಲು ಹೊರಟಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವುದರಿಂದ ಇದು ಸಾಧ್ಯವಾಯಿತು. ಒಂದು ಲೆಕ್ಕದಲ್ಲಿ ಇದೂ ವಸ್ತುವಿನ ಗುಣಕ್ಕೆ ಸಲ್ಲಿಸಿದ ನಿಷ್ಠೆಯೇ. ಆದರೆ ಹೊಸ ಶಿಲ್ಪಿಗಳು ಬಯಸಿದ್ದು ಆ ಬಗೆಯ ನಿಷ್ಠೆಯನ್ನಲ್ಲ.

ಹೊಯ್ಸಳ ಶಿಲ್ಪ ಅವರಿಗೆ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಸುರಪುರದ ಮೂಲಕ ಕನ್ನಡಿಗರಿಗೆ ಪರಿಚಿತನಾದ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಸೇರಿ 1866ರಲ್ಲೇ ಧಾರವಾಡ-ಮೈಸೂರು ಸೀಮೆಯ ಕಟ್ಟಡಗಳ ಫೋಟೊ ಪುಸ್ತಕ ತಂದರು. ಫರ್ಗುಸನ್ 1876ರ ತನ್ನ ಗ್ರಂಥದಲ್ಲಿ ಹಳೇಬೀಡಿನ ಹೊಯ್ಸಳೇಶ್ವರನನ್ನು ಅಥೆನ್ಸಿನ ಪಾರ್ಥೆನಾನ್ ಎದುರಿಗೆ ಇಟ್ಟು, ಒಂದು ಸಂಯಮದ ತುದಿ, ಇನ್ನೊಂದು ಸಮೃದ್ಧಿಯ ತುದಿ ಎಂಬಂತೆ ಹೋಲಿಸಿದ. ಹೊಗಳಿಕೆ ದೊಡ್ಡದೇ. ಆದರೆ ಅದೇ ಹೊಗಳಿಕೆ ಮುಂದಿನ ಪೀಳಿಗೆಗೆ ಬೈಗುಳವಾಯಿತು, ಏಕೆಂದರೆ ಆ ಹೊತ್ತಿಗೆ ಅಲಂಕಾರವೇ ತಪ್ಪು ಎಂಬ ಕಾಲ ಬಂದಿತ್ತು. ವಿಯೆನ್ನದ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ 1910ರ ಸುಮಾರಿಗೆ ಅಲಂಕಾರವನ್ನು ಅಪರಾಧದ ಜೊತೆ ಕಟ್ಟಿ ಉಪನ್ಯಾಸ ಕೊಟ್ಟ. ಅವನು ಕೊಟ್ಟ ಉದಾಹರಣೆ, ಮೈತುಂಬ ಹಚ್ಚೆ ಹಾಕಿಸಿಕೊಳ್ಳುವ ಪಾಪುವಾದ ಮನುಷ್ಯ! ಪಾಪುವಾದವನ ಕೆತ್ತನೆ ಚಿತ್ರಕಾರರಿಗೆ ಬೇಕು, ಅವನ ಹಚ್ಚೆ ವಾಸ್ತುಶಿಲ್ಪಿಗೆ ಅಸಹ್ಯ. ಆಧುನಿಕ ಕಲೆ ದೂರದ ಜನರಿಂದ ಆರಿಸಿಕೊಂಡದ್ದು ತನಗೆ ಒಗ್ಗುವುದನ್ನು ಮಾತ್ರ. ದಕ್ಷಿಣ ಭಾರತದಿಂದ ಅದಕ್ಕೆ ಒಗ್ಗಿದ್ದು ಚೋಳರ ಕಂಚಿನ ನಟರಾಜ. 1913ರಲ್ಲಿ ಶಿಲ್ಪಿ ರೊದಾಂ ಅದರ ಮೇಲೆ ಬರೆದ ಟಿಪ್ಪಣಿ 1921ರಲ್ಲಿ ಅಚ್ಚಾಯಿತು. ಹಳೇಬೀಡಿನ ಗೋಡೆಗೆ ಅಂಥ ಭಾಗ್ಯ ಬರಲಿಲ್ಲ. ಆನೆ, ಶಾರ್ದೂಲ, ಬಳ್ಳಿ, ಕುದುರೆ, ಪುರಾಣಕತೆ, ಮಕರ, ಹಂಸ ಎಂದು ಸಾಲಿನ ಮೇಲೆ ಸಾಲು ಹೊತ್ತ ಆ ಗೋಡೆಯಿಂದ ಒಂದು ತುಂಡನ್ನು ಕಿತ್ತು ಪೀಠದ ಮೇಲಿಟ್ಟರೆ ಅದು ಅರ್ಧ ಸತ್ತುಹೋಗುತ್ತದೆ.

ಆಧುನಿಕರ ಕಣ್ಣು ನಿಲ್ಲಬಹುದಾಗಿದ್ದ ಜಾಗ ಹೊಯ್ಸಳ ನಾಡಿನಲ್ಲಿ ಇಲ್ಲದೆ ಇಲ್ಲ. ಹುಬ್ಬಳ್ಳಿ ರೈಲು ಹಿಡಿಯಲು ಅರಸೀಕೆರೆಯಲ್ಲಿ ಇಳಿದು ಕಾಯುವವರು ಊರೊಳಗಿನ ಶಿವಾಲಯಕ್ಕೆ ಹೋಗಿಬರುವುದು ಕಡಿಮೆ. 13ನೆಯ ಶತಮಾನದ ಮೊದಲ ಭಾಗದ ಈ ಗುಡಿಯ ಮುಖಮಂಟಪ ಹದಿನಾರು ಮೂಲೆಯ ನಕ್ಷತ್ರ. ಚೌಕವನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸುತ್ತ ಹೋದರೆ ಬರುವ ಆಕೃತಿ ಅದು. ಗೋಡೆಯಲ್ಲಿ ಶಿಲ್ಪಗಳಿದ್ದರೂ ಮೊದಲು ಮನಸ್ಸಿಗೆ ತಟ್ಟುವುದು ಮುಂಚಾಚಿದ ಮೂಲೆಗಳ ಮೇಲೆ ಬಿಸಿಲು ನೆರಳುಗಳ ಪಟ್ಟಿ. ಹಳೇಬೀಡು, ಬೇಲೂರುಗಳ ಕಡೆದ ಕಂಬಗಳೂ ಹಾಗೆಯೇ. ಉಂಗುರದ ಮೇಲೆ ಉಂಗುರ, ಗಂಟೆಯಾಕಾರ, ಕನ್ನಡಿಯಷ್ಟು ನುಣುಪು. ಬ್ರಾಂಕುಸಿಯ ಹೊಳಪಿಗೂ ಏರಿಕೆಗೂ ಹತ್ತಿರದ್ದು ಭಾರತದಲ್ಲಿ ಏನಾದರೂ ಇದ್ದರೆ ಮದನಿಕೆಯರಲ್ಲ, ಈ ಕಂಬಗಳು. ಅವನು 1937-38ರ ಚಳಿಗಾಲದಲ್ಲಿ ಹೋಳ್ಕರ್ ಮಹಾರಾಜನಿಗಾಗಿ ಧ್ಯಾನಮಂದಿರ ಕಟ್ಟಲು ಇಂದೋರಿಗೆ ಬಂದದ್ದುಂಟು. ಮಂದಿರ ಏಳಲಿಲ್ಲ.

ಈ ಚರಿತ್ರೆಯಲ್ಲಿ ಬೇಲೂರು ನಮಗೆ ಬಹಳ ಬೆಲೆಯುಳ್ಳ ಹೋಲಿಕೆಯೊಂದನ್ನು ಕೊಡುತ್ತದೆ: ಹೆಸರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಾವು ಕೆತ್ತಿದ ಮೂರ್ತಿಗಳ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಕೆಲವರು ಎದುರಾಳಿ ರೂವಾರಿಗಳನ್ನು (ಶಿಲ್ಪಿಗಳನ್ನು) ಕೆಣಕುವ ಬಿರುದನ್ನೂ ಸೇರಿಸಿದ್ದಾರೆ. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಮೂರ್ತಿಯಿಂದ ಮೂರ್ತಿಗೆ ಸಿಗುತ್ತದೆ. ಇವನ್ನು ಓದಿ ಪಟ್ಟಿ ಮಾಡಿದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಬೇಲೂರು ದೇವಾಲಯದ ಮೇಲಿನ ಅವರ ಪುಸ್ತಕ 1919ರದು. ಕವಿಗಳ ಕಾಲ-ದೇಶ ಹುಡುಕಿ ‘ಕರ್ಣಾಟಕ ಕವಿಚರಿತೆ’ ಬರೆದ ಕೈಯೇ ರೂವಾರಿಗಳ ಹೆಸರನ್ನೂ ಬಿಡಲಿಲ್ಲ. ಭಾರತೀಯ ಕಲಾವಿದ ಹೆಸರು ಬಯಸದ ಭಕ್ತ ಎಂಬ ಮಾತು ಆ ದಿನಗಳಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಹೋಗುತ್ತಿತ್ತು. ಅದಕ್ಕೆ ಬೇಲೂರಿನ ಪೀಠಗಳಿಗಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಆಫ್ರಿಕಾದ ಶಿಲ್ಪಿಗಳಿಗೆ ಹೆಸರಿರಲಿಲ್ಲವೆ? ಇತ್ತು. ಕೊಂಡವರು ಕೇಳಲಿಲ್ಲ. ಇಂದಿನ ನೈಜೀರಿಯದ ಯೊರುಬಾ ನಾಡಿನ ಒಲೊವೆ (ಸು. 1873–1938) ಅರಸುಮನೆಗಳಿಗೆ ಕಂಬ, ಬಾಗಿಲು ಕೆತ್ತುತ್ತಿದ್ದ ಹೆಸರಾಂತ ಶಿಲ್ಪಿ. ಅವನ ಊರಾದ ಇಸೆಯ ಕಡೆ ಅವನನ್ನು ಹೊಗಳುವ ಹಾಡುಗಳೇ ಇದ್ದವು. ಇಕೆರೆ ಅರಮನೆಗೆ ಅವನು ಕೆತ್ತಿದ ಬಾಗಿಲು 1924ರಲ್ಲಿ ಲಂಡನ್ನಿನ ವೆಂಬ್ಲಿ ಪ್ರದರ್ಶನಕ್ಕೆ ಹೋಯಿತು. ಅಲ್ಲಿಂದ ಬ್ರಿಟಿಷ್ ಮ್ಯೂಸಿಯಂ ಸೇರಿತು. ಬದಲಿಗೆ ಅರಸನಿಗೆ ಇಂಗ್ಲೆಂಡಿನಲ್ಲಿ ಮಾಡಿದ ಒಂದು ಸಿಂಹಾಸನ ಸಿಕ್ಕಿತು. ಬಾಗಿಲಿನಲ್ಲಿ ಅರಸ ಕುಳಿತಿದ್ದಾನೆ, ಎದುರಿಗೆ ಪಲ್ಲಕ್ಕಿಯಲ್ಲಿ ಬ್ರಿಟಿಷ್ ಅಧಿಕಾರಿ ಬರುತ್ತಿದ್ದಾನೆ. ದೊರೆತನದ ಬಗ್ಗೆ ಇಷ್ಟು ಚೂಪಾಗಿ ನೋಡಿದವನನ್ನು ‘ಆದಿಮ’ ಎನ್ನಲು ನಾಲಿಗೆ ಏಳುವುದಿಲ್ಲ.

ಭಾರತದ ಆಧುನಿಕ ಕಲೆಗೆ ಈ ಪ್ರಭಾವ ಬಂದದ್ದು ಬಳಸುದಾರಿಯಲ್ಲಿ. 1930ರಲ್ಲಿ ಪ್ಯಾರಿಸ್ಸಿನ ಪಿಗಾಲ್ ಗ್ಯಾಲರಿಯಲ್ಲಿ ಆಫ್ರಿಕಾ-ಓಷಿಯಾನಿಯ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿಯೇ ರವೀಂದ್ರನಾಥ ಠಾಕೂರರ ಚಿತ್ರಗಳ ಮೊದಲ ಪ್ರದರ್ಶನ. ಮುಖವಾಡದಂಥ ಮುಖಗಳು, ಹೆಸರಿಲ್ಲದ ಪ್ರಾಣಿಗಳು ತುಂಬಿದ ಅವರ ಚಿತ್ರಗಳನ್ನು ಅಲ್ಲಿನವರು ಯಾವ ಕಣ್ಣಿನಿಂದ ನೋಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಕನ್ನಡಿಗರ ಮಟ್ಟಿಗೆ ಹೆಚ್ಚು ಕುತೂಹಲದ ದಾರಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಕೊನೆಗೊಳ್ಳುತ್ತದೆ. 1891ರಲ್ಲಿ ತಹಿತಿಗೆ ಹೋದ ಫ್ರೆಂಚ್ ಚಿತ್ರಕಾರ ಗೊಗೇನ್ ತನ್ನೊಡನೆ ಜಾವಾದ ಬೊರೊಬುದುರ್ ಉಬ್ಬುಶಿಲ್ಪಗಳ ಫೋಟೊಗಳನ್ನು ಒಯ್ದಿದ್ದ. ಅವನ ತಹಿತಿ ಹೆಂಗಸರಲ್ಲಿ ಕೆಲವರ ನಿಲುವು, ಕೈಯ ತಿರುವು ಬಂದದ್ದು ಆ ಬೌದ್ಧ ಶಿಲ್ಪಗಳಿಂದ. ಗೊಗೇನನಿಂದ ಕಲಿತವಳು ಅಮೃತಾ ಶೇರ್‌ಗಿಲ್. 1934ರಲ್ಲಿ ತನ್ನನ್ನೇ ತಹಿತಿಯವಳಂತೆ ಬರೆದುಕೊಂಡಳು. ಇವರಿಬ್ಬರನ್ನೂ ಅಜಂತ, ಜೈನ ಹಸ್ತಪ್ರತಿ ಚಿತ್ರಗಳ ಜೊತೆಗಿಟ್ಟು ನೋಡಿದವರು ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರ್ (1911–1996). ಕೇರಳದ ಹೆಂಗಸರನ್ನು ಬರೆದ ಅವರ ಚಿತ್ರಗಳ ಅಗಲವಾದ ಬಣ್ಣದ ಹರವಿನಲ್ಲಿ ಈ ಬಳಗವೆಲ್ಲ ಇದೆ. ಭಾರತದಿಂದ ಜಾವಾಕ್ಕೆ ಹೋದ ಶಿಲ್ಪಪರಂಪರೆ ತಹಿತಿಯ ವೇಷ ಹಾಕಿ, ಪ್ಯಾರಿಸ್ ಸುತ್ತಿ, ಕರಾವಳಿಯ ಒಬ್ಬ ಹುಡುಗನ ಕುಂಚಕ್ಕೆ ಮರಳಿತು. ಓಷಿಯಾನಿಯದ ಪ್ರಭಾವ ಎಂದು ನಾವು ಬರೆಯುವುದರಲ್ಲಿ ಎಷ್ಟು ಪಾಲು ಓಷಿಯಾನಿಯದ್ದು ಎಂದು ಇಂಥಲ್ಲಿ ಅನುಮಾನ ಬರುತ್ತದೆ. ಹೆಬ್ಬಾರರ ತಂದೆ ಗಣೇಶನ ಮಣ್ಣಿನ ಮೂರ್ತಿ ಮಾಡುತ್ತಿದ್ದವರು. ಮಗ 1949-50ರಲ್ಲಿ ಪ್ಯಾರಿಸ್ಸಿನಲ್ಲಿ ಕಲಿಯುವುದಕ್ಕೆ ಮೊದಲೇ ರೂಪದ ಪಾಠ ಆಗಿತ್ತು.

ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಮದರಾಸಿನಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಬಳಿ ಕಲಿತು, 1966ರಲ್ಲಿ ಹುಟ್ಟಿದ ಚೋಳಮಂಡಲ ಕಲಾಗ್ರಾಮದ ಸ್ಥಾಪಕರಲ್ಲಿ ಒಬ್ಬರಾದರು. ಆಫ್ರಿಕಾಗೆ ಹೋಗಿ ಹುಡುಕುವ ಬದಲು ತಮ್ಮ ಹಿತ್ತಲಲ್ಲೇ ಇದ್ದ ರೂಪಗಳತ್ತ ತಿರುಗಿದ ಗುಂಪು ಅದು. ದೇವರಿಗೆ ತೊಡಿಸುವ ತಗಡಿನ ಕವಚ ಅಲ್ಲಿನ ಪಿ.ವಿ. ಜಾನಕಿರಾಮ್ ಅವರ ಕೈಯಲ್ಲಿ ಶಿಲ್ಪವಾಯಿತು. ವಾಸುದೇವ್ ತಾಮ್ರದ ತಗಡು ಬಡಿದು ಉಬ್ಬುಚಿತ್ರ ಮಾಡಿದರು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಕೂಡಿಹಾಕಿದ ತೊಗಲುಗೊಂಬೆಗಳು ಇದೇ ಹುಡುಕಾಟಕ್ಕೆ ಒದಗಿದವು.

ಕರ್ನಾಟಕದಲ್ಲಿ ಆಫ್ರಿಕಾದ ಮುಖವಾಡಗಳಿಗೆ ನಿಜವಾದ ಸಾಟಿ ಹೊಯ್ಸಳ ಶಿಲ್ಪವಲ್ಲ, ತುಳುನಾಡಿನ ಭೂತದ ಮೊಗಗಳು. ಹಂದಿಯ ಮೋರೆಯ ಪಂಜುರ್ಲಿ, ನಾಲಿಗೆ ಚಾಚಿದ ಜುಮಾದಿ, ಹಿತ್ತಾಳೆ-ಕಂಚಿನ ಭಾರವಾದ ಎರಕ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟು ನಂದಿಕೇಶ್ವರನ ಗುಡಿಯಲ್ಲಿ ಆಳೆತ್ತರದ, ಕೆಲವು ಇನ್ನೂ ಎತ್ತರದ ಮರದ ಭೂತಗಳ ದಂಡೇ ಇದೆ. ಗುಡಿಯಲ್ಲಿ ಈಗ ನಿಂತಿರುವುವು ಹೊಸವು, ಹೊಳೆಯುವ ಬಣ್ಣದವು. ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ಸಂಗ್ರಹಾಲಯದಲ್ಲಿ, ಬಣ್ಣ ಮಾಸಿ ಮರದ ಎಳೆ ತೋರುತ್ತ ನಿಂತಿವೆ. ಆಧುನಿಕ ಶಿಲ್ಪ ಬಲ್ಲವರು ಮೆಚ್ಚಿಕೊಳ್ಳುವುದು ದೆಹಲಿಯವನ್ನು. ಊರಿನವರಿಗೆ ಕೆಲಸಕ್ಕೆ ಬರುವುದು ಗುಡಿಯಲ್ಲಿರುವವು. ಮೊಗದ ವಿಷಯವೂ ಅಷ್ಟೆ. ನೇಮದ ರಾತ್ರಿ ಅದರ ಹಿಂದೆ ತೆಂಗಿನ ಸಿರಿಯ ಅಣಿ, ಕಾಲಲ್ಲಿ ಗಗ್ಗರ, ಕಿವಿಗೆ ಪಾಡ್ದನ, ಎದುರಿಗೆ ನ್ಯಾಯ ಕೇಳಲು ಕೈಮುಗಿದು ನಿಂತ ಮನೆತನ ಇರುತ್ತದೆ. ಗೋಡೆಗೆ ತೂಗುಹಾಕಿದ ಮೊಗದಲ್ಲಿ ಉಳಿಯುವುದು ಆಕಾರ. ದೆರೇನ್ ಕೊಂಡ ಫ್ಯಾಂಗ್ ಮುಖವಾಡಕ್ಕೂ ಹೀಗೆಯೇ ಒಂದು ನ್ಯಾಯದ ಕೆಲಸವಿತ್ತು: ಊರಿನ ಮಾಟಗಾರರನ್ನೂ ತಪ್ಪಿತಸ್ಥರನ್ನೂ ಹಿಡಿಯುವ ಕೂಟ ಅಂಥ ಮುಖವಾಡಗಳನ್ನು ತೊಡುತ್ತಿತ್ತು.

ಆಚರಣೆ, ಆಧುನಿಕ ಶಿಲ್ಪ ಈ ಎರಡೂ ಬದಿ ಬಲ್ಲ ಕಲಾವಿದರೆಂದರೆ ಬಾಲನ್ ನಂಬಿಯಾರ್. ಕೇರಳದ ಕಣ್ಣಪುರದಲ್ಲಿ 1937ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಅವರು ತೆಯ್ಯಂ, ಭೂತಾರಾಧನೆಗಳನ್ನು ವರ್ಷಗಟ್ಟಲೆ ಅಲೆದು ದಾಖಲಿಸಿದರು. ಆಚರಣೆಯಲ್ಲಿ ಬಳಸುವ ವಾಲ್ಕಣ್ಣಾಡಿ (ಹಿಡಿಯುಳ್ಳ ಕನ್ನಡಿ), ಬಲಮುರಿ ಶಂಖಗಳ ಆಕಾರದಿಂದ ಎನಾಮೆಲ್ ಚಿತ್ರ, ಉಕ್ಕಿನ ಶಿಲ್ಪಗಳನ್ನು ಮಾಡಿದರು. ಪಿಕಾಸೊ ತ್ರೊಕಾದೆರೊಗೆ ಹೋದದ್ದು ನೋಡುಗನಾಗಿ. ನಂಬಿಯಾರ್ ಹುಟ್ಟಿದ್ದೇ ಆ ಅಂಗಳದಲ್ಲಿ.

1984ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಈ ಪ್ರಭಾವದ ಮೇಲೆ ವಿಲಿಯಂ ರೂಬಿನ್ ನೇತೃತ್ವದಲ್ಲಿ ಭಾರಿ ಪ್ರದರ್ಶನ ಏರ್ಪಡಿಸಿತು. ಆಧುನಿಕರ ಕೃತಿಗಳಿಗೆ ಹೆಸರು, ವರ್ಷ ಇದ್ದವು. ಪಕ್ಕದ ಬುಡಕಟ್ಟು ವಸ್ತುಗಳಿಗೆ ಜನಾಂಗದ ಹೆಸರಷ್ಟೆ. ವಿಮರ್ಶಕ ಥಾಮಸ್ ಮೆಕ್‌ಇವಿಲಿ ಇದನ್ನು ಎತ್ತಿ ತೋರಿಸಿ ಜಗಳವಾಡಿದ. ಆ ಜಗಳ ಕಲಾಚರಿತ್ರೆಗೆ ಪ್ರದರ್ಶನಕ್ಕಿಂತ ಹೆಚ್ಚು ಉಪಕಾರ ಮಾಡಿತು. 1989ರಲ್ಲಿ ಪ್ಯಾರಿಸ್ಸಿನ ಒಂದು ಪ್ರದರ್ಶನದಲ್ಲಿ ಮಧ್ಯಪ್ರದೇಶದ ಗೊಂಡ ಕಲಾವಿದ ಜನಗಢ ಸಿಂಗ್ ಶ್ಯಾಮ್ ತನ್ನ ಹೆಸರಿನಲ್ಲೇ, ಬದುಕಿರುವ ಕಲಾವಿದನಾಗಿ ಪಾಲ್ಗೊಂಡ. 2021ರಲ್ಲಿ ಫ್ರಾನ್ಸ್ ವಸಾಹತು ಕಾಲದಲ್ಲಿ ಒಯ್ದ 26 ವಸ್ತುಗಳನ್ನು ನೈಜೀರಿಯದ ನೆರೆಯ ಬೆನಿನ್ ಗಣರಾಜ್ಯಕ್ಕೆ ಮರಳಿಸಿತು. 2022ರಲ್ಲಿ ಜರ್ಮನಿ ಬೆನಿನ್ ನಗರದ ಎರಕಗಳ ಒಡೆತನವನ್ನು ನೈಜೀರಿಯಕ್ಕೆ ಒಪ್ಪಿಸಿತು.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಈ ಜಗಳವನ್ನು ಕನ್ನಡ ನಾಡಿನ ಕಡೆಯಿಂದ ಮುಂದುವರಿಸಿದವರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ‘ದೇಶಿ ಹೆಂಗಸರ’ ಚಿತ್ರಮಾಲೆ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿ ಎಂ.ವಿ. ಪೋರ್ಟ್‌ಮನ್ ಅಂಡಮಾನಿನವರನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಮೈ ಅಳೆದು ಫೋಟೊ ತೆಗೆಯುತ್ತಿದ್ದ. ಆ ಚಿತ್ರಗಳಲ್ಲಿ ನಿಂತವರನ್ನು ಪ್ರಪಂಚ ನೋಡಿದ್ದು ಅಳತೆಯ ಮಾದರಿಗಳಾಗಿ. ಪುಷ್ಪಮಾಲಾ ಅದೇ ಬಗೆಯ ಚೌಕಳಿ ಪರದೆ ಕಟ್ಟಿಸಿ, ಅದರ ಮುಂದೆ ತಾವೇ ವೇಷ ಹಾಕಿ ನಿಂತರು. ನಿಂತವಳ ಹೆಸರು, ತೆಗೆದವಳ ಹೆಸರು ಎರಡೂ ಆ ಕೃತಿಯ ಮೇಲಿವೆ.